ಹೊನಗೊನೆ ಸೊಪ್ಪಿನ ದಿಗ್ವಿಜಯ

ಎಲೈ ಸಜ್ಜನರೇ, ಸೊಪ್ಪಿನ ಕಟ್ಟಿಗೆ ಬೆಲೆ ಕೇಳಿ, ಮತ್ತೊಮ್ಮೆ ಕೇಳಿ, ಆಮೇಲೆ ಏನೂ ಕೇಳದವರ ಹಾಗೆ ಮುಂದೆ ನಡೆದವರೇ, ತಕ್ಕಡಿಯ ಮುಳ್ಳನ್ನು ರೆಪ್ಪೆ ಮಿಟುಕಿಸದೆ ನೋಡಿದವರೇ, ಕಿವಿಗೊಡಿ! ಮುಹೂರ್ತಗಳೆಲ್ಲ ಮುಗಿದು, ವಾಲಗದ ದನಿ ಅಡಗಿ, ಹೋಳಿಗೆಯ ಪರಿಮಳವು ಪಂಚಭೂತಗಳಲ್ಲಿ ಲೀನವಾಗಿ, ಟೊಮೇಟೊ ಎಂಬ ರಕ್ತವರ್ಣದ ರಾಜನು ಬಡವರ ಬೀದಿಯ ಕಡೆ ತಲೆಹಾಕುವುದನ್ನೇ ಬಿಟ್ಟಿದ್ದ ಆಷಾಢವೆಂಬ ಘೋರಯುಗದಲ್ಲಿ, ಮದ್ದೂರು ಪಟ್ಟಣದ ಕಲ್ಯಾಣಮಂಟಪವೊಂದರ ದ್ವಾರಪಾಲಕನೂ, ಪರರ ಮದುವೆಗಳ ಕೊನೆಯ ಪಂಕ್ತಿಯ ಅನಭಿಷಿಕ್ತ ಚಕ್ರವರ್ತಿಯೂ, ಪೌರಾಣಿಕ ನಾಟಕಗಳಲ್ಲಿ ರಟ್ಟಿನ ಗದೆಯನ್ನು ಹೊತ್ತು ಎದೆ ಬಡಿದುಕೊಂಡವನೂ ಆದ ಬೋರಲಿಂಗಯ್ಯನೆಂಬ ಮಹಾವೀರನ ಪೌಷ್ಟಿಕಾಹಾರ ದಿಗ್ವಿಜಯವನ್ನು ಹಾಡುತ್ತೇನೆ. ಇದಕ್ಕೆ ಅನ್ನಪೂರ್ಣೆಯ ಅನುಗ್ರಹವಿರಲಿ. ಸೌಟು ಹಿಡಿದು ಲೋಕಕ್ಕೆಲ್ಲ ಬಡಿಸುತ್ತ ನಿಂತ ಆ ತಾಯಿಯ ಊಟ ಆಯಿತೋ ಇಲ್ಲವೋ ಎಂದು, ನನಗೆ ತಿಳಿದಮಟ್ಟಿಗೆ, ಯಾರೂ ವಿಚಾರಿಸಿಲ್ಲ.

ಯುದ್ಧಕ್ಕೆ ಕಾರಣವಿಲ್ಲದೆ ಇರಲಿಲ್ಲ. ಬೋರಲಿಂಗಯ್ಯನ ಧರ್ಮಪತ್ನಿ ಹೊಂಬಾಳಮ್ಮ ಊರಾಚೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಹೊಲಿಯುವವಳು. ಮಗಳನ್ನು ಮದುವೆ ಮಾಡಿ ಕೊಟ್ಟಾದ ಮೇಲೆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಆಷಾಢದಲ್ಲಿ ಛತ್ರಕ್ಕೆ ಬೀಗ ಬೀಳುತ್ತದೆ, ದ್ವಾರಪಾಲಕನಿಗೆ ಅರ್ಧ ಸಂಬಳ, ಕೊನೆಯ ಪಂಕ್ತಿಯೂ ಇಲ್ಲ. ಹಾಗಾಗಿ ಈ ತಿಂಗಳು ಒಲೆ ಉರಿಯುವುದು ಹೊಂಬಾಳಮ್ಮನ ಸಂಬಳದಿಂದ. ಅಂಥ ಹೊಂಬಾಳಮ್ಮ ಒಂದು ದಿನ ಮೆಷಿನ್ನಿನ ಮೇಲೆಯೇ ತಲೆತಿರುಗಿ ಬಿದ್ದಳು. ಕಾರ್ಖಾನೆಯ ನರ್ಸಮ್ಮ ಬೆರಳು ಚುಚ್ಚಿ ನೋಡಿ, ರಕ್ತ ಬರೀ ಎಂಟಿದೆ ಎಂದರು. ಕಬ್ಬಿಣದ ಮಾತ್ರೆ ಕೊಟ್ಟರು. ಸೊಪ್ಪು, ಹುರುಳಿಕಾಳು, ಕಡಲೆಕಾಯಿ ಬೀಜ, ಬೆಲ್ಲ, ಸಾಧ್ಯವಾದರೆ ಮೊಟ್ಟೆ ತಿನ್ನಬೇಕೆಂದರು. ತಿಂಗಳು ಬಿಟ್ಟು ನಡೆಯುವ ತಪಾಸಣೆಯಲ್ಲೂ ರಕ್ತ ಹೀಗೇ ಇದ್ದರೆ ಮೆಷಿನ್ನಿನ ಮೇಲೆ ಕೂರಿಸುವುದಿಲ್ಲ, ಸಂಬಳವಿಲ್ಲದ ರಜೆ ಕೊಟ್ಟು ಮನೆಗೆ ಕಳಿಸುತ್ತೇವೆ ಎಂದು ಸೂಪರ್‌ವೈಸರು ಸೇರಿಸಿದ.

ಈ ವಾರ್ತೆಯು ಕರ್ಣಪಟಲವನ್ನು ತಾಗಿದೊಡನೆ ಬೋರಲಿಂಗಯ್ಯನು ಸುಪ್ತಸಿಂಹದಂತೆ ಚಾಪೆಯಿಂದ ಎದ್ದನು. ಒಲೆಯ ಮುಂದೆ ನಿಂತು, ಮುದ್ದೆಕೋಲನ್ನು ಗದೆಯಂತೆ ಹೆಗಲಿಗೇರಿಸಿ, ಗೋಡೆಯ ಹಲ್ಲಿಯೂ ಬೆಚ್ಚುವಂತೆ ಗರ್ಜಿಸಿದನು: "ಎಲೌ ಪ್ರಾಣೇಶ್ವರಿ! ಬೆಲೆಯೇರಿಕೆಯೆಂಬ ದುರುಳನು ಪಟ್ಟಣದ ಅಂಗಡಿಗಳನ್ನೆಲ್ಲ ಆಕ್ರಮಿಸಿರಲಿ! ಧನವೆಂಬುದು ನಮ್ಮ ಜೇಬನ್ನು ತೊರೆದು ವನವಾಸಕ್ಕೆ ತೆರಳಿರಲಿ! ಈ ಭುಜದಂಡಗಳಲ್ಲಿ ಕಸುವಿರುವ ತನಕ, ಲೋಹಸತ್ವಸಮನ್ವಿತವಾದ ಹೊನಗೊನೆಯನ್ನೂ, ತುರಗಪ್ರಿಯವಾದ ಹುರುಳಿಯನ್ನೂ, ಅತ್ಯಲ್ಪ ದ್ರವ್ಯದಲ್ಲಿ ಗೆದ್ದು ತಂದು ನಿನ್ನ ಪಾದದ ಬಳಿ ರಾಶಿ ಹಾಕದಿದ್ದರೆ ನಾನು ಗದೆ ಹಿಡಿದವನೇ ಅಲ್ಲ!"

"ಕೂಗ್ಬೇಡಿ, ಪಕ್ಕದ್ಮನೆಯೋರು ಏನಾರ ಅಂದ್ಕೊಂಡಾರು" ಎಂದಳು ಹೊಂಬಾಳಮ್ಮ. "ಮುದ್ದೆಕೋಲು ಇತ್ಲಾಗ್ ಕೊಡಿ. ಎಸರು ಕುದೀತಾ ಅದೆ."

ಸಂತೆಯ ದಿನ ಸಂಜೆ, ಮಾರುವವರು ಉಳಿದದ್ದನ್ನು ಗುಡ್ಡೆ ಹಾಕಿ ಸಿಕ್ಕಿದ ಬೆಲೆಗೆ ಕೊಡುವ ಹೊತ್ತನ್ನು ನೋಡಿಕೊಂಡೇ ವೀರನು ಹೊರಟನು. ಇಷ್ಟು ಯುದ್ಧತಂತ್ರ ಅವನಿಗೆ ತಿಳಿದಿತ್ತು, ಅದನ್ನು ಒಪ್ಪಿಕೊಳ್ಳೋಣ. ಎಡಗೈಯಲ್ಲಿ ಯಾವುದೋ ವಧೂವರರ ಹೆಸರು ಅಚ್ಚಾಗಿದ್ದ ತಾಂಬೂಲದ ಚೀಲವೇ ಗುರಾಣಿ, ನಾಲಿಗೆಯೇ ಖಡ್ಗ. ಬೆಲ್ಲದಂಗಡಿಯಲ್ಲಿ ಪುಡಿಬೆಲ್ಲವನ್ನೂ, ಕಾಳಿನಂಗಡಿಯಲ್ಲಿ ಮೂಟೆಯ ತಳದ ಹುರುಳಿಯನ್ನೂ, ಚೂರಾದ ಕಡಲೆಕಾಯಿ ಬೀಜವನ್ನೂ ಸಲೀಸಾಗಿ ವಶಪಡಿಸಿಕೊಂಡು ಮುನ್ನಡೆದವನ ದಾರಿಗೆ ಅಡ್ಡಲಾಗಿ, ಗೋಣಿತಾಟಿನ ಸಿಂಹಾಸನದ ಮೇಲೆ, ಹರಿದ್ವರ್ಣದ ಸೈನ್ಯವನ್ನು ಕಟ್ಟುಕಟ್ಟಾಗಿ ನಿಲ್ಲಿಸಿಕೊಂಡು, ಎಲೆಯಡಿಕೆಯಿಂದ ಕೆಂಪಾದ ಬಾಯಿಯ, ಸೋಲೆಂಬುದನ್ನೇ ಕಂಡರಿಯದ ಕಾಳಮ್ಮ ಕೂತಿದ್ದಳು.

"ಎಲೌ ಶಾಕಸಾಮ್ರಾಜ್ಞಿ!" ಎಂದು ವೀರನು ಆರಂಭಿಸಿದನು. "ದಿನವಿಡೀ ಬಿಸಿಲುಂಡು ಬಾಡಿ ಬಳಲಿರುವ ನಿನ್ನ ಈ ಸೇನೆ ಇನ್ನೊಂದು ಗಳಿಗೆ ನಿಲ್ಲದು. ಎರಡು ಕಟ್ಟಿನ ಬೆಲೆಗೆ ಮೂರು ಕಟ್ಟನ್ನೊಪ್ಪಿಸಿ ಶರಣಾಗು. ಅದರ ಮೇಲೆ ಕೊಸರನ್ನೂ ಕಪ್ಪವಾಗಿ ಸಲ್ಲಿಸು!"

"ನಾಟ್ಕ ಆಮ್ಯಾಕ್ ಆಡೀವಂತೆ ಬೋರಲಿಂಗ. ಗಿರಾಕಿ ನಿಂತವ್ರೆ, ವಸಿ ಪಕ್ಕಕ್ ಸರ್ಕೊ."

ಕೊಸರೆಂದರೆ, ಅಳತೆ ಮುಗಿದ ಮೇಲೆ ಮೇಲಿಂದ ಕೇಳಿ ಪಡೆಯುವ ಒಂದು ಹಿಡಿ. ಅದನ್ನು ಕೇಳದೆ ಬಂದವನನ್ನು ನಮ್ಮ ಸೀಮೆಯಲ್ಲಿ ವ್ಯಾಪಾರ ಗೊತ್ತಿಲ್ಲದವನೆನ್ನುತ್ತಾರೆ. ಕೇಳದೆ ಕೊಟ್ಟವಳನ್ನೂ ಹಾಗೆಯೇ ಅನ್ನುತ್ತಾರೆ. ಆದ್ದರಿಂದ ಇಬ್ಬರೂ ತಮ್ಮ ತಮ್ಮ ಮಾನಕ್ಕಾಗಿ ಕಾದಿದರು. ಅವನು ಕಟ್ಟನ್ನೆತ್ತಿ ಹಳದಿಗಟ್ಟಿದ ಎಲೆಯನ್ನು ತೋರಿಸಿದನು, ಅವಳು ಅದನ್ನು ಕಿತ್ತೆಸೆದಳು. ಅವನು ಎದುರು ಸಾಲಿನವಳ ಬೆಲೆಯನ್ನು ಅಸ್ತ್ರವಾಗಿ ಪ್ರಯೋಗಿಸಿದನು, ಅವಳು "ಅಲ್ಲೇ ಹೋಗು, ನಾನೇನ್ ಹಗ್ಗ ಹಾಕಿ ಕಟ್ಕೊಂಡಿದ್ದೀನಾ?" ಎಂಬ ಪ್ರತ್ಯಸ್ತ್ರದಿಂದ ಅದನ್ನು ನಡುದಾರಿಯಲ್ಲೇ ಮುರಿದಳು. ಅವನು ಹೊರಟುಹೋಗುವಂತೆ ನಟಿಸಿ ಹೆಜ್ಜೆಯಿಟ್ಟನು, ಅವಳು ಕರೆಯಲಿಲ್ಲ. ಅವನು ನಿಂತನು. ಅವಳು ಸೊಪ್ಪಿಗೆ ನೀರು ಚಿಮುಕಿಸಿದಳು, ಅದರಲ್ಲಿ ಅರ್ಧ ಅವನ ಮುಖಕ್ಕೆ ಬಿತ್ತು. ಬೀದಿದೀಪ ಹೊತ್ತಿತು, ಸಂತೆಯ ಹಸುವೊಂದು ಬಂದು ಇಬ್ಬರ ನಡುವೆ ನಿಂತು ಯಾರು ಸೋತರೂ ತನಗೇ ಲಾಭವೆಂಬಂತೆ ಕಾಯಿತು.

ಕಡೆಗೆ ಕಾಳಮ್ಮ ಬೇಸತ್ತು ಕೇಳಿದಳು: "ಅಲ್ಲ ಕಣ್ಲಾ, ಇರೋರಿಬ್ರು. ಯಾರಿಗ್ಲಾ ಇಷ್ಟೊಂದು ಸೊಪ್ಪು?"

"ಹೊಂಬಾಳಿಗೆ ಕಣಕ್ಕ" ಎಂದನು ವೀರನು. ದನಿಯೊಳಗಿನ ಗದೆ ಕೆಳಗಿಳಿದಿತ್ತು. "ರಕ್ತ ಇಲ್ಲ ಅಂದವ್ರೆ. ಮೊನ್ನೆ ಮೆಷಿನ್ ಮ್ಯಾಲೇ ಬಿದ್ದೋದ್ಲು."

"ಅದ್ನ ಮೊದ್ಲೇ ಬೊಗಳಬಾರ್ದಾ? ಆಗ್ಲಿಂದ ಗದೆ ತಿರುಗಿಸ್ತಾವ್ನೆ!" ಕಾಳಮ್ಮ ಮೂರು ಕಟ್ಟು ಚೀಲಕ್ಕೆ ತುರುಕಿದಳು. ಆಮೇಲೆ ಮನೆಗೆಂದು ಹಿಂದೆ ಎತ್ತಿಟ್ಟುಕೊಂಡಿದ್ದ, ಬಾಡದ ಒಂದು ದಪ್ಪ ಕಟ್ಟನ್ನೂ ಹಾಕಿದಳು. "ಇದು ಕೊಸರಲ್ಲ ಕಣ್ಲಾ. ಅವ್ಳಿಗೆ ಅಂತ ಕೊಟ್ಟಿವ್ನಿ. ಅವ್ಳು ತಿನ್ಲಿ."

ಕಾಳಮ್ಮನಿಗೆ ಅಯ್ಯೋ ಅನ್ನಿಸಿ ಕೊಟ್ಟದ್ದನ್ನು ಬೋರಲಿಂಗಯ್ಯನು ಶತ್ರುವಿನಿಂದ ಕಿತ್ತುತಂದ ಕಪ್ಪವೆಂದೇ ಬಗೆದು, ದಾರಿಯುದ್ದಕ್ಕೂ ಚೀಲವನ್ನು ಎತ್ತಿ ಹಿಡಿದುಕೊಂಡು ಬಂದನು.

ಇನ್ನು ಮುಂದಿನದಕ್ಕೆ ನನ್ನ ಬಳಿ ಪದ್ಯವಿಲ್ಲ. ಗೆದ್ದು ತಂದ ಸೊಪ್ಪು ತಾನಾಗಿ ಬೇಯುವುದಿಲ್ಲವಲ್ಲ! ದಿನವಿಡೀ ಕಾಲರು ಹೊಲಿದು ಬಂದ ಹೊಂಬಾಳಮ್ಮ ಗೋಡೆಗೊರಗಿ ಕೂತು ಸೊಪ್ಪು ಸೋಸಿದಳು, ಮಣ್ಣು ಹೋಗುವ ತನಕ ತೊಳೆದಳು, ಹುರುಳಿಯ ಜೊತೆ ಬೇಯಿಸಿದಳು, ಬಸಿದಳು. ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಬಸ್ಸಾರು ಮಾಡಿದಳು, ಬಸಿದುಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು, ಮುದ್ದೆ ತಿರುವಿದಳು. ನಡುವೆ ಒಂದು ಸಲ ಕಣ್ಣು ಕತ್ತಲೆ ಬಂದು ಒಲೆಕಟ್ಟೆ ಹಿಡಿದು ನಿಂತಳು. ಅಷ್ಟು ಹೊತ್ತೂ ವೀರನು ಜಗಲಿಯ ಮೇಲೆ ಕೂತು ಕೊಸರಿನ ಕಾಳಗವನ್ನು ಹಾದುಹೋಗುವವರಿಗೆಲ್ಲ ಹೇಳುತ್ತಿದ್ದನು.

ಆಮೇಲೆ ಊಟಕ್ಕೆ ಕೂತನು. ರಣದಿಂದ ಮರಳಿದವನ ಹಸಿವು ಸಾಮಾನ್ಯದ್ದೇ? ಮೊದಲ ಮುದ್ದೆಯು ಬಸ್ಸಾರೆಂಬ ಸಮುದ್ರದಲ್ಲಿ ಮುಳುಗಿ ಕಣ್ಮರೆಯಾಯಿತು. "ಪಲ್ಯ ಇನ್ನೊಸಿ ಹಾಕು." ಹಾಕಿದಳು. "ಭಲೇ! ಲೋಹಸತ್ವವು ನರನಾಡಿಗಳಲ್ಲಿ ಹರಿಯುತ್ತಿರುವುದು ನನಗೇ ಅರಿವಾಗುತ್ತಿದೆ!" ಎಂದು ಹೊಗಳಿದನು. ಹೊಗಳಿದವನಿಗೆ ಮತ್ತೆ ಬಡಿಸದಿರುವುದು ಹೇಗೆ? ಮತ್ತೆ ಬಡಿಸಿದಳು. ಸೌಟು ಪಾತ್ರೆಯ ತಳಕ್ಕೆ ತಾಗಿ ಕರಕರ ಸದ್ದಾದ ಮೇಲೆ ಅವನು ಉದಾರವಾಗಿ ಕೈ ಅಡ್ಡ ಹಿಡಿದು, "ಸಾಕು, ನೀನೂ ಹಾಕ್ಕೊ" ಎಂದನು. "ನಂಗೇನ್ ಅಂಥಾ ಹಸಿವಿಲ್ಲ" ಎಂದಳು. ಇವನು ಅದನ್ನು ನಂಬಿದನು. ನನಗೆ ಸಿಟ್ಟು ಬರುವುದು ಇಲ್ಲೇ. ಕೆಟ್ಟವನಾಗಿದ್ದರೆ ಎರಡು ಬೈದು ಸುಮ್ಮನಾಗಬಹುದಿತ್ತು. ಇವನು ಕೆಟ್ಟವನಲ್ಲ, ಗಂಡಸರು ಮೊದಲು ಉಣ್ಣುವ ಮನೆಯಲ್ಲಿ ಹುಟ್ಟಿ, ಅಂಥದೇ ಮನೆ ಕಟ್ಟಿಕೊಂಡವನು.

ಹೀಗೆ ಆಷಾಢವೆಲ್ಲ ಕಳೆಯಿತು. ವೀರನು ಸಂತೆಸಂತೆಗೂ ದಂಡೆತ್ತಿ ಹೋದನು. ನುಗ್ಗೆಸೊಪ್ಪನ್ನು ಯಾರದೋ ಹಿತ್ತಲಿನಿಂದ ಬಿಟ್ಟಿಯಾಗಿ ಗೆದ್ದನು, ಒಡಕು ಮೊಟ್ಟೆಯನ್ನು ಕಡಿಮೆ ಬೆಲೆಗೆ ಹಿಡಿದು ತಂದನು. ಮೊಟ್ಟೆ ಒಂದೇ ಇದ್ದ ದಿನ ಅದು ತಾನಾಗಿ ಅವನ ತಟ್ಟೆಗೆ ಬಂತು. ಕಡಲೆಕಾಯಿ ಬೀಜದ ಡಬ್ಬಿಯಿಂದ, ಬೀಗ ಹಾಕಿದ ಛತ್ರವನ್ನು ಕಾಯಲು ಹೋಗುವಾಗೆಲ್ಲ, ದಾರಿಯ ಬುತ್ತಿಯೆಂದು ಒಂದು ಹಿಡಿ ಜೇಬಿಗಿಳಿಸಿದನು. ಹೊಂಬಾಳಮ್ಮ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ ನುಂಗಿ, ಸಂಕಟ ತಾಳಲಾರದೆ ಬಿಟ್ಟೇಬಿಟ್ಟಳು.

ತಪಾಸಣೆಯ ದಿನ ಬಂತು. ಅಂದು ಮನೆಯವರಿಗೂ ಉಚಿತವೆಂದಿದ್ದರಿಂದ ಬೋರಲಿಂಗಯ್ಯನು ಇಸ್ತ್ರಿ ಅಂಗಿ ಹಾಕಿಕೊಂಡು, ತನ್ನ ದಿಗ್ವಿಜಯದ ಫಲವನ್ನು ಕಣ್ಣಾರೆ ಕಾಣಲು ಹೆಂಡತಿಯ ಜೊತೆ ಬಂದನು. ನರ್ಸಮ್ಮ ಬೆರಳು ಮುಂದೆ ಮಾಡಿ ಎಂದಾಗ ಮೊದಲು ತನ್ನದನ್ನೇ ಚಾಚಿದನು.

"ಅಬ್ಬಾ, ಹದಿನೈದು! ಚೆನ್ನಾಗಿದೆ ಯಜಮಾನ್ರೇ" ಎಂದರು ನರ್ಸಮ್ಮ. ಹೊಂಬಾಳಮ್ಮನದು ನೋಡಿದರು, ಇನ್ನೊಂದು ಬೆರಳು ಚುಚ್ಚಿ ಮತ್ತೆ ನೋಡಿದರು. "ಎಂಟೇ ಇದೆಯಲ್ಲಮ್ಮ. ಸೊಪ್ಪು ಕಾಳು ಏನೂ ತಿನ್ಲಿಲ್ವಾ?"

ವೀರನಿಗೆ ಅವಮಾನ ತಡೆಯಲಾಗಲಿಲ್ಲ. "ತಿನ್ಲಿಲ್ವಾ ಅಂದ್ರೆ?" ಎಂದು ಎದ್ದು ನಿಂತು, ಹೊನಗೊನೆಯಿಂದ ಹಿಡಿದು ಒಡಕು ಮೊಟ್ಟೆಯವರೆಗೆ ತಾನು ಗೆದ್ದುದನ್ನೆಲ್ಲ, ಗೆದ್ದ ಬೆಲೆಯ ಸಮೇತ, ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ಕೇಳುವಂತೆ ಬಣ್ಣಿಸಿದನು. ಅವರು ಬಾಯಿಗೆ ಸೆರಗು ಹಿಡಿದುಕೊಂಡರು.

ನರ್ಸಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೊಂಬಾಳಮ್ಮನನ್ನು ಕೇಳಿದರು: "ನೀವು ಯಾವಾಗಮ್ಮ ಊಟ ಮಾಡೋದು?"

"ಅವ್ರುದಾದ್ಮೇಲೆ."

"ಅಷ್ಟೊತ್ತಿಗೆ ಏನಾದ್ರೂ ಉಳಿದಿರುತ್ತಾ?"

ಹೊಂಬಾಳಮ್ಮ ಚುಚ್ಚಿದ ಬೆರಳನ್ನು ಒತ್ತಿಕೊಂಡಳು. ನರ್ಸಮ್ಮ ಬೋರಲಿಂಗಯ್ಯನ ಕಡೆ ತಿರುಗಿ, "ನಾನು ಸೊಪ್ಪು ಬರೆದುಕೊಟ್ಟಿದ್ದು ನಿಮಗಲ್ಲ ಯಜಮಾನ್ರೇ" ಎಂದರು. ಸೂಪರ್‌ವೈಸರಿಗೆ ಹೇಳಿ ಇನ್ನೊಂದು ತಿಂಗಳ ವಾಯಿದೆ ಕೊಡಿಸಿದರು, ಅದೇ ಕೊನೆಯದೆಂದರು.

ಎಲೈ ಸಜ್ಜನರೇ, ಇದೀಗ ಮಹಾಸಮರವು! ಅಂದು ಸಂಜೆ ಬಸ್ಸಾರು ಕುದಿದು, ಬೆಳ್ಳುಳ್ಳಿಯ ಒಗ್ಗರಣೆಯ ಪರಿಮಳವು ವೀರನ ನಾಸಿಕವನ್ನು ಭೇದಿಸಿ ಜಠರದಲ್ಲಿ ರಣಭೇರಿ ಬಾರಿಸುತ್ತಿರಲು, ಬೋರಲಿಂಗಯ್ಯನು ಮಣೆಯನ್ನು ತಾನೇ ಹಾಕಿ, ಭೂಮಂಡಲವು ನಡುಗುವಂತಹ ಪ್ರತಿಜ್ಞೆಯನ್ನು ಮಾಡಿದನು: "ಇವತ್ತು ನೀನು ಮೊದ್ಲು ಉಣ್ಣು."

"ಸುಮ್ನೆ ಕೂತ್ಕೊಳಿ. ಚೆಂದಾಗಿರಕಿಲ್ಲ."

"ಉಣ್ಣು ಅಂದ್ನಲ್ಲ!"

ಹೊಂಬಾಳಮ್ಮ ಕೂತಳು. ಗಂಡನು ಸೌಟು ಹಿಡಿದು ಬಡಿಸಿದನು, ಅರ್ಧ ನೆಲಕ್ಕೆ ಬಡಿಸಿದನು. ಎದುರಿಗೆ ಕೂತು ಒಂದೊಂದು ತುತ್ತನ್ನೂ ಕಣ್ಣಲ್ಲೇ ಹಿಂಬಾಲಿಸಿದನು. "ಹಂಗ್ ನೋಡ್ಬೇಡಿ, ಗಂಟ್ಲಲ್ಲಿ ಇಳಿಯಕಿಲ್ಲ" ಎಂದಳು. ಆಗ ವೀರನು ರಣಭೂಮಿಯನ್ನು ತೊರೆದು ಜಗಲಿಗೆ ಹೋಗಿ, ಬೀದಿಗೆ ಮುಖ ಮಾಡಿ ಕೂತನು. ಹಸಿವೆಂಬ ಹತ್ತು ತಲೆಯ ರಕ್ಕಸನು ಅವನ ಹೊಟ್ಟೆಯನ್ನು ತಿವಿದನು, ಗೀರಿದನು, ಹಿಂಡಿದನು. "ಆಯ್ತಾ?" ಎಂದು ಕೂಗಿದನು. "ಇಲ್ಲ." ಮತ್ತೆ ಕಾದನು. "ಈಗ್ಲಾದ್ರೂ ಆಯ್ತಾ?" ಒಳಗಿನಿಂದ ಸೌಟು ಪಾತ್ರೆಗೆ ತಾಗಿದ ಸದ್ದು ಬಂತು. "ಇರಿ, ಇನ್ನೊಸಿ ಪಲ್ಯ ಹಾಕ್ಕಂತೀನಿ." ಆ ಮಾತನ್ನು ಆ ಮನೆಯ ಗೋಡೆಗಳು ಅದೇ ಮೊದಲು ಕೇಳಿದವು. ಬೋರಲಿಂಗಯ್ಯನು ಕದಲಲಿಲ್ಲ. ಹಸಿದ ಗಂಡಸೊಬ್ಬನು ಅನ್ನದ ವಾಸನೆಯನ್ನು ಬೆನ್ನಿಗಿಟ್ಟುಕೊಂಡು, ಹೆಂಡತಿ ಉಂಡು ಮುಗಿಸುವ ತನಕ ಕಾದನು!

ನಾನು ಗಂಟಲು ಸರಿಮಾಡಿಕೊಂಡು ಮಂಗಳ ಹಾಡಲು ಸಿದ್ಧನಾಗುತ್ತಿದ್ದೆ. ಅಷ್ಟರಲ್ಲಿ ಹೊಂಬಾಳಮ್ಮ ಒಳಗೆ ಕರೆದಳು. ಅವನ ತಟ್ಟೆಯಲ್ಲಿ ಅರ್ಧ ಮುದ್ದೆ, ಪಾತ್ರೆಯ ತಳದ ಸೀಕು, ಮುಕ್ಕಾಲು ಸೌಟು ತಿಳಿಸಾರು ಇತ್ತು. ಪಲ್ಯದ ಬಾಣಲೆಯಲ್ಲಿ ಎರಡು ಹುರುಳಿಕಾಳು ಅಂಟಿಕೊಂಡಿದ್ದವು. ಗಡಿಯಾರ ನೋಡಿದರೆ, ಲೋಕೋತ್ತರವಾದ ಆ ತಪಸ್ಸಿಗೆ ಹಿಡಿದದ್ದು ಕಾಲು ಗಂಟೆ.

ಬೋರಲಿಂಗಯ್ಯ ತಟ್ಟೆಯನ್ನು ನೋಡಿದ. ನಾಟಕದ ದನಿಯೆಲ್ಲ ಬಿಟ್ಟು, ಮೆಲ್ಲಗೆ ಕೇಳಿದ: "ದಿನಾ ಇಷ್ಟೇನಾ ಉಳೀತಿದ್ದುದು?"

"ಇಲ್ಲ" ಎಂದಳು ಹೊಂಬಾಳಮ್ಮ, ಉಪ್ಪಿನಕಾಯಿಯ ಭರಣಿಯನ್ನು ಅವನ ಕಡೆ ತಳ್ಳುತ್ತ. "ಇವತ್ತು ವಸಿ ಜಾಸ್ತಿನೇ ಉಳಿದದೆ."