ಎದುರುಮನೆ ಸೊಸೆಯ ವಂಕಿ

ಮಕ್ಕಳ ವಿಷಯ ಎತ್ತಿದ ಕಡೆಯೆಲ್ಲ ಏನಾದರೊಂದು ಪಜೀತಿ ಆಗೇ ಆಗುತ್ತೆ. ನಾನಿದ್ದರೆ ಸ್ವಲ್ಪ ಬೇಗ ಆಗುತ್ತೆ, ಅಷ್ಟೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಚಾಮರಾಜಪುರಂನ ನಮ್ಮ ಬೀದೀಲಿ ಯಾರು ಬಸುರಿ ಅನ್ನೋದು ಡಾಕ್ಟರಿಗಿಂತ ಮೊದಲು ನನಗೆ ಗೊತ್ತಾಗುತ್ತೆ. ಅದಕ್ಕೇ ಆಶಾ ಕಾರ್ಯಕರ್ತೆ ಹುಡುಗಿ ಕುಟುಂಬ ಯೋಜನೆ ಪ್ರಚಾರಕ್ಕೆ ಹೊರಟಾಗಲೆಲ್ಲ ನನ್ನನ್ನೂ ಕರಕೊಂಡು ಹೋಗ್ತಾಳೆ.

೧. ಎಂಟುನೂರು ಕೋಟಿ

ಜನಸಂಖ್ಯಾ ದಿನ ಅಂತ ಬೀದಿ ಕೊನೆಯ ಭವನದಲ್ಲಿ ಸಭೆ. ಡಾಕ್ಟರಮ್ಮ ಮೇಜಿನ ಮೇಲೆ ಗ್ಲೋಬು ಇಟ್ಟು ತಿರುಗಿಸಿ, "ಈ ಭೂಮಿ ಮೇಲೆ ಈಗ ಎಂಟುನೂರು ಕೋಟಿಗೂ ಹೆಚ್ಚು ಜನ. ನೀರು, ಅನ್ನ, ಜಾಗ ಎಲ್ಲಾನೂ ಇಷ್ಟರಲ್ಲೇ ಹಂಚಿಕೋಬೇಕು. ಏನಾದ್ರೂ ಕೇಳೋದಿದ್ಯಾ?" ಅಂದರು.

ಎದುರುಮನೆ ಅತ್ತೆ ಎದ್ದಳು. ಅವಳ ಮಗ ಆಟೋ ಓಡಿಸ್ತಾನೆ. ಸೊಸೆಗೆ ಎರಡೂ ಹೆಣ್ಣು. ಎರಡನೇ ಹೆರಿಗೇಲಿ ರಕ್ತ ಹೋಗಿ ಆ ಸೊಸೆ ಬದುಕಿದ್ದೇ ಹೆಚ್ಚು. ಮೂರು ವರ್ಷ ಇನ್ನೊಂದು ಬೇಡ, ಜೀವಕ್ಕೆ ಅಪಾಯ ಅಂತ ಇದೇ ಡಾಕ್ಟರಮ್ಮ ಹೇಳಿದ್ದರು. ಅತ್ತೆಯ ಕಿವಿಗೆ ಅದು ಹೋಗಿರಲಿಲ್ಲ.

"ಎಂಟುನೂರು ಕೋಟಿ ಅಂತೀರಿ. ಅಷ್ಟರಲ್ಲಿ ನಂಗೊಬ್ಬ ಮೊಮ್ಮಗ ಇಲ್ವಲ್ರಮ್ಮ" ಅಂದಳು.

ಡಾಕ್ಟರಮ್ಮ ಗ್ಲೋಬಿನ ಕಡೆ ನೋಡಿದರು, ಅಲ್ಲೆಲ್ಲಾದರೂ ಇದ್ದಾನೇನೋ ಅನ್ನೋ ಹಾಗೆ.

೨. ಮನೆಗೆರಡೇ

ಅದೇ ಸಭೇಲಿ ಕೊನೆಗೆ ಮೈಕು ಹಿಡಿದಿದ್ದು ವಿಜಯನಗರದಿಂದ ಬಂದಿದ್ದ ಒಬ್ಬ ದೊಡ್ಡ ಮನುಷ್ಯರು. "ಮನೆಗೆರಡೇ ಮಕ್ಕಳು. ನಾನು ಹಾಗೇ ನಡಕೊಂಡು ಆಮೇಲೆ ನಿಮಗೆ ಹೇಳ್ತಿದೀನಿ" ಅಂದರು. ಆಶಾ ಹುಡುಗಿ ಜೋರಾಗಿ ಚಪ್ಪಾಳೆ ತಟ್ಟಿದಳು.

ನಾನು ಅವಳ ಕಿವೀಲಿ, "ನಿಜ ಕಣೆ. ವಿಜಯನಗರದ ಮನೇಲಿ ಎರಡು, ಇಲವಾಲದ ಮನೇಲಿ ಎರಡು. ಎಲ್ಲೂ ಮಾತು ತಪ್ಪಿಲ್ಲ" ಅಂದೆ.

ಪಿಸುಗುಟ್ಟಿದೆ ಅಂತಲೇ ನಾನು ತಿಳಕೊಂಡಿದ್ದು. ಹಿಂದಿನ ಸಾಲಿನ ಹೆಂಗಸು ಬಗ್ಗಿ, "ಮೂರನೇ ಮನೆ ಇದ್ರೆ ಅದೂ ಹೇಳಿ ಅಜ್ಜಿ" ಅಂದಳು.

೩. ಬಾಡಿಗೆ ಆಟೋ

ಒಂದು ವಾರಕ್ಕೆ ಎದುರುಮನೆ ಸೊಸೆ ಕರಿಬೇವು ಬೇಕು ಅಂತ ಬಂದಳು. ಕರಿಬೇವು ನೆಪ, ಕಣ್ಣಲ್ಲಿ ನೀರಿತ್ತು. "ಅಜ್ಜಿ, ಅತ್ತೆ ಕಣ್ಣಿಗೆ ಬೀಳದಂಥದ್ದು ಏನಾದ್ರೂ ಇದ್ಯಾ? ಮಾತ್ರೆ ತಂದ್ರೆ ಡಬ್ಬ ಡಬ್ಬ ಹುಡುಕ್ತಾರೆ. ಇನ್ನೊಂದ್ಸಲ ಹೆರೋ ಶಕ್ತಿ ನಂಗಿಲ್ಲ."

ಆಶಾ ಹುಡುಗೀನ ಕರೆಸಿದೆ. "ವಂಕಿ ಹಾಕಿಸ್ಕೊಳ್ಳಿ ಅಕ್ಕ" ಅಂದಳು. ತೋಳಿಗೆ ಹಾಕೋ ಚಿನ್ನದ ವಂಕಿ ಅಲ್ಲ. ಗರ್ಭಚೀಲದಲ್ಲಿ ಕೂರಿಸೋ ಚೋಟುದ್ದದ ತಾಮ್ರದ್ದು, ಕಾಪರ್-ಟಿ ಅಂತಾರಲ್ಲ, ಅದು. ಆರೋಗ್ಯ ಇಲಾಖೆಯೋರು ಅದಕ್ಕೂ ಕನ್ನಡದಲ್ಲಿ ವಂಕಿ ಅಂತಲೇ ಹೆಸರಿಟ್ಟಿದ್ದಾರೆ.

ಗಂಡನೂ ಒಪ್ಪಿ ತಾನೇ ಆಟೋದಲ್ಲಿ ನಮ್ಮಿಬ್ಬರನ್ನೂ ಆರೋಗ್ಯ ಕೇಂದ್ರಕ್ಕೆ ಕರಕೊಂಡು ಬಂದ. ಹೆಂಡತಿ ಒಳಗೆ ಹೋದಳು, ಇವನು ಹೊರಗೆ ಬೆಂಚಿನ ಮೇಲೆ ಬೆವರೋಕೆ ಶುರು ಮಾಡಿದ. "ಹಾಕೋದು ಅವಳಿಗೆ ಕಣಪ್ಪ, ನಿಂಗಲ್ಲ" ಅಂದೆ. "ಗೊತ್ತು ಅಜ್ಜಿ" ಅಂದೋನು ಹಾಗೇ ವಾಲಿದ.

ಹೆಂಡತಿ ಕಾಲು ಗಂಟೇಲಿ ನಡಕೊಂಡು ಆಚೆ ಬಂದಳು. ಇವನನ್ನ ಮಾತ್ರ ಬೇರೆ ಆಟೋ ಹಿಡಿದು, ಮೀಟರಿನ ಮೇಲೆ ಇಪ್ಪತ್ತು ಕೊಟ್ಟು, ಮನೆಗೆ ಸಾಗಿಸಬೇಕಾಯಿತು.

೪. ಎಷ್ಟು ಗ್ರಾಮು

ಇಂಥ ಸುದ್ದಿ ಹೊಟ್ಟೇಲಿ ಇಟ್ಟುಕೊಂಡರೆ ನನಗೆ ಅನ್ನ ಸೇರೋದಿಲ್ಲ. ಮೂರು ದಿನ ತಡಕೊಂಡೆ. ನಾಲ್ಕನೇ ದಿನ ಜಗಲೀಲಿ ಕೂತು ನನ್ನ ತಂಗಿಗೆ ಫೋನ್ ಮಾಡಿ, "ಎದುರುಮನೆ ಸೊಸೆ ವಂಕಿ ಹಾಕಿಸ್ಕೊಂಡ್ಲು ಕಣೆ, ಅತ್ತೆಗೆ ಗೊತ್ತೇ ಇಲ್ಲ" ಅಂದೆ.

ತಿರುಗಿದರೆ ಅತ್ತೆ ಸಾರಿನ ಬಟ್ಟಲು ಹಿಡಕೊಂಡು ಹಿಂದೇನೇ ನಿಂತಿದ್ದಾಳೆ. ಆ ಸೊಸೆ ಬಾಳು ನನ್ನ ನಾಲಿಗೆಯಿಂದ ಹಾಳಾಯ್ತಲ್ಲಪ್ಪ ಅಂದುಕೊಂಡೆ.

ಅತ್ತೆ ಬಟ್ಟಲು ಕೆಳಗಿಟ್ಟು, ಹತ್ತಿರ ಬಂದು, ಮೆಲ್ಲಗೆ ಕೇಳಿದಳು: "ಎಷ್ಟು ಗ್ರಾಮು?"

"ಹಗುರದ್ದೇ ಕಣಮ್ಮ" ಅಂದುಬಿಟ್ಟೆ.

೫. ತಾಮ್ರದ್ದಾದ್ರೂ ಸರಿ

ಸಂಜೆಯೊಳಗೆ, "ಬೀಗರು ಕೊನೆಗೂ ವಂಕಿ ಮಾಡಿಸಿ ಹಾಕಿದ್ರು" ಅಂತ ಅತ್ತೆ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿ ಆಯಿತು. ಆಮೇಲೆ ಸೊಸೇನ, "ಎಲ್ಲಿ, ತೋರ್ಸು" ಅಂದಳಂತೆ. ಸೊಸೆ ಹೆದರಿ, "ಅದು ತೋರ್ಸೋ ಹಾಗಿಲ್ಲ ಅತ್ತೆ. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಹಾಕಿದ್ರು" ಅಂದಳು.

ಪುಕ್ಕಟೆ ಅನ್ನೋ ಮಾತೊಂದೇ ಅತ್ತೆಯ ಕಿವಿಗೆ ಬಿದ್ದಿದ್ದು. ಮಾರನೇ ದಿನ ಬೆಳಿಗ್ಗೆ ನನ್ನ ಕೈ ಹಿಡಿದು ಎಳಕೊಂಡು ಹೋಗಿ ಹೆಂಗಸರ ಸಾಲಲ್ಲಿ ನಿಂತೇಬಿಟ್ಟಳು. ಬೇಡ ಬೇಡ ಅಂದೆ, ಕೇಳಲಿಲ್ಲ.

"ನಂಗೂ ಒಂದು ವಂಕಿ ಹಾಕಮ್ಮ" ಅಂದಳು ಸಿಸ್ಟರಿಗೆ.

"ಅಜ್ಜಿ, ನಿಮಗೆ ವಯಸ್ಸೆಷ್ಟು?"

"ಅರವತ್ತೆರಡು. ಆಸೆಗೆ ವಯಸ್ಸುಂಟಾ?"

"ಯಜಮಾನರು?"

"ಹೋಗಿ ಹತ್ತು ವರ್ಷ ಆಯ್ತು. ವಂಕಿ ಹಾಕೋಕೆ ಅವರನ್ನ್ಯಾಕೆ ಕೇಳ್ತೀಯ? ಸೊಸೆಗೆ ಹಾಕಿದೀರಿ, ಅತ್ತೆಗಿಲ್ಲ ಅಂದ್ರೆ ಹೆಂಗೆ? ಚಿನ್ನದ್ದು ಖಾಲಿಯಾಗಿದ್ರೆ ಬುಡು, ತಾಮ್ರದ್ದಾದ್ರೂ ಸರಿ."

"ತಾಮ್ರದ್ದೇ ಇರೋದು ಅಜ್ಜಿ" ಅಂತ ಸಿಸ್ಟರು ಅವಳನ್ನ ಪಕ್ಕಕ್ಕೆ ಕರಕೊಂಡು ಹೋಗಿ, ಅದು ಏನು, ಎಲ್ಲಿಗೆ ಹಾಕ್ತಾರೆ, ಯಾಕೆ ಅಂತ ಬಿಡಿಸಿ ಹೇಳಿದರು. ಸಾಲಲ್ಲಿದ್ದ ಹೆಂಗಸರೆಲ್ಲ ಸೆರಗನ್ನ ಬಾಯಿಗೆ ತುರುಕಿಕೊಂಡರು.

ಅತ್ತೆಯ ಮುಖ ಕೆಂಪಾಯಿತು. "ಇವತ್ತೇ ತೆಗೀರಿ ಅದನ್ನ" ಅಂದಳು.

ಡಾಕ್ಟರಮ್ಮ ಆಚೆ ಬಂದರು. "ಅವಳು ಬಂದು ಕೇಳಿದ್ರೆ ತೆಗೀತೀನಿ, ನೀವು ಕೇಳಿದ್ರೆ ಇಲ್ಲ. ಈಗಲೇ ಇನ್ನೊಂದು ಬಸುರಾದ್ರೆ ನಿಮ್ಮ ಮೊಮ್ಮಕ್ಕಳಿಗೆ ತಾಯಿ ಉಳೀತಾಳೆ ಅಂತ ನಾನು ಹೇಳಲಾರೆ."

ಅತ್ತೆ ಸರಸರ ಮನೆ ಕಡೆ ನಡೆದಳು, ನಾನು ಹಿಂದೆ ಓಡಿದೆ. ಬಾಗಿಲಲ್ಲಿ ಸೊಸೆ ಚಿಕ್ಕ ಮಗೂನ ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದಳು. ಅತ್ತೆ ಚಪ್ಪಲಿ ಬಿಟ್ಟು, ಮಗೂನ ಇಸಕೊಂಡು, ಸೊಸೆಯ ಮುಖ ನೋಡದೆ ಅಂದಳು:

"ಅದು ಇದ್ದ ಕಡೆ ಇರ್ಲಿ. ತೆಗೆಸ್ಬೇಡ."

"ನಿಜವಾಗ್ಲೂ ಅತ್ತೆ?"

"ನೆಂಟರಿಗೆಲ್ಲ ಹೇಳ್ಬುಟ್ಟಿದೀನಿ ಕಣೆ. ಈಗ ತೆಗೆಸಿದ್ರೆ ಗಿರವಿ ಇಟ್ಬುಟ್ರು ಅಂತಾರೆ."