ತೀರಿಹೋದ ಅಪ್ಪನ ಸೈಕಾಲಜಿ ಮಾರ್ಕ್ಸು

ಸತ್ತವರನ್ನ ಹೆಸರು ಹಿಡಿದು ಕರೆದರೆ ಬಂದುಬಿಡ್ತಾರೆ ಅಂತ ನಮ್ಮಜ್ಜಿ ಹೆದರಿಸ್ತಿದ್ದಳು. ಸ್ಯಾನ್ ಡಿಯೇಗೊದಲ್ಲಿ ನಮ್ಮಪ್ಪನನ್ನ ಎರಡು ವರ್ಷ ದಿನಾ ಕರೆದರು. ಬರದೆ ಇನ್ನೇನು ಮಾಡ್ತಾನೆ, ಪಾಪ!

೧. ಹಾಜರಿ

ಬಿ.ಎ. ಮೊದಲನೇ ವರ್ಷದಲ್ಲೇ ಅಪ್ಪ "ಓದಿದ್ದು ಸಾಕು" ಅಂತ ಬಿಡಿಸಿ ನನ್ನ ಮದುವೆ ಮಾಡಿದ್ದ. ಆ ಉರಿ ಆರಿರಲಿಲ್ಲ. 2021ರಲ್ಲಿ, ನಲವತ್ತೊಂದನೇ ವಯಸ್ಸಿಗೆ, ಕಮ್ಯುನಿಟಿ ಕಾಲೇಜು ಸೇರಿದೆ. ಎರಡು ವರ್ಷ ಇಲ್ಲಿ ಓದಿ, ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಿ ಸೈಕಾಲಜಿ ಡಿಗ್ರಿ ತಗೊಳ್ಳಲೇಬೇಕು ಅನ್ನೋ ಹಟ. ಊರಿನ ಮಾರ್ಕ್ಸ್ ಕಾರ್ಡಿನಲ್ಲಿ 'ಆರ್. ವಸುಧಾ' ಅಂತಿತ್ತಲ್ಲ, ಅದೇ ಅಭ್ಯಾಸದಲ್ಲಿ ಫಾರ್ಮಿನಲ್ಲಿ ಮೊದಲು ಅಪ್ಪನ ಹೆಸರು ರಂಗನಾಥ, ಆಮೇಲೆ ನನ್ನ ಹೆಸರು ತುಂಬಿದೆ. ಇಲ್ಲಿ ಮೊದಲು ಬರೆದಿದ್ದೇ ಕರೆಯೋ ಹೆಸರು ಅಂತ ಹೊಳೀಲಿಲ್ಲ.

ಕೋವಿಡ್ ಕಾಲ, ಕ್ಲಾಸೆಲ್ಲ ಆನ್‌ಲೈನ್. ಕಪ್ಪು ಚೌಕದಲ್ಲಿ ಬಿಳಿ ಅಕ್ಷರ: ರಂಗನಾಥ. ಮಗಳು ಹಿಂದೆ ಬಂದು ಪಿಸುಗುಟ್ಟಿದಳು, "ವೈ ಈಸ್ ತಾತ ಇನ್ ಯುವರ್ ಕ್ಲಾಸ್?"

"ರಂಗನಾಥ್, ಕ್ಯಾಮೆರಾ ಆನ್ ಮಾಡಿ" ಅಂದರು ಮೇಡಂ. ಮಾಡಿದೆ. ನನ್ನ ಹಿಂದಿನ ಗೋಡೆಯಲ್ಲಿ ಹಾರ ಹಾಕಿದ ಅಪ್ಪನ ಫೋಟೊ.

"ಇಬ್ಬರು ಕಾಣ್ತಿದ್ದೀರಲ್ಲ, ರಂಗನಾಥ್ ಯಾರು?"

ಸುಳ್ಳು ಹೇಳೋಕಾಗುತ್ತಾ? ಫೋಟೊ ತೋರಿಸಿದೆ.

೨. ಗ್ರೂಪಿನ ಹುಡುಗಿ

ಹೆಸರು ಸರಿಮಾಡಿಸೋದು ನಾಳೆ, ನಾಳೆ ಅಂತ ಹಾಗೇ ಉಳೀತು. ಕಾಲೇಜು ತೆರೆದ ಮೇಲೆ, ಖಾಲಿ ಕಾರಿಡಾರಿನಲ್ಲಿ, ಅಲ್ಲೀವರೆಗೆ ಸ್ಕ್ರೀನಿನಲ್ಲಿ ಹೆಸರಷ್ಟೇ ನೋಡಿದ್ದ ನಮ್ಮ ಗ್ರೂಪಿನ ಹುಡುಗಿ ಕೇಳಿದಳು, "ರಂಗನಾಥ್ ಬರಲಿಲ್ವಾ?"

ನಾನು ಯಾವುದೋ ಯೋಚನೆಯಲ್ಲಿದ್ದೆ. "ಅವರು ತೀರಿಹೋಗಿ ಹನ್ನೆರಡು ವರ್ಷ ಆಯ್ತು."

ಹುಡುಗಿ ಬಿಳಿಚಿಕೊಂಡಳು. "ಹೋದ ವಾರದ ಟೆಸ್ಟಿನಲ್ಲಿ ಅವರೇ ಅಲ್ವಾ ಫಸ್ಟು?"

೩. ಸೀಟು

ಲಾಸ್ ಏಂಜಲೀಸ್‌ನ ಯೂನಿವರ್ಸಿಟಿಗೆ ಪಾಸ್‌ಪೋರ್ಟಿನಲ್ಲಿದ್ದ ಹಾಗೆ 'ವಸುಧಾ ರಂಗನಾಥ' ಅಂತ ಅಪ್ಲೈ ಮಾಡಿದೆ. ಸೀಟು ಬಂತು, ಖುಷಿಗೆ ಅತ್ತುಬಿಟ್ಟೆ. ಆಮೇಲೆ ಇಮೇಲ್ ಬಂತು: ವಸುಧಾ ಒಂದು ಕೋರ್ಸೂ ಓದಿಲ್ಲ. ಎಲ್ಲ ಓದಿದ್ದು ರಂಗನಾಥ, ಅವರು ಅಪ್ಲೈ ಮಾಡಿಲ್ಲ. ಹತ್ತು ದಿನದಲ್ಲಿ ಸರಿಪಡಿಸದಿದ್ದರೆ ಸೀಟು ರದ್ದು.

ಬದುಕಿದ್ದಾಗ ಓದೋಕೆ ಬಿಡಲಿಲ್ಲ, ಸತ್ತ ಮೇಲೂ ಅಡ್ಡ ನಿಂತನಲ್ಲ! ಕಾಲೇಜಿನ ಆಫೀಸಿಗೆ ಫೋನ್ ಮಾಡಿದೆ.

"ರಂಗನಾಥ್ ಒಂದು ಸಹಿ ಹಾಕಿದರೆ ಸಾಕು" ಅಂದಳು ಗುಮಾಸ್ತೆ.

"ಅವರು ತೀರಿಹೋಗಿ ಹದಿಮೂರು ವರ್ಷ ಆಯ್ತು."

ಕೀಬೋರ್ಡಿನ ಟಕಟಕ ಕೇಳಿಸಿತು. "ಆದರೆ ಮೇಡಂ, ಈ ಸೆಮಿಸ್ಟರ್ ಅವರು ಒಂದು ದಿನಾನೂ ತಪ್ಪಿಸಿಲ್ಲ!"

ಪಾಸ್‌ಪೋರ್ಟು, ಹಳೇ ಮಾರ್ಕ್ಸ್ ಕಾರ್ಡು ಎಲ್ಲ ಕಳಿಸಿ, "ನಮ್ಮಲ್ಲಿ ಅಪ್ಪನ ಹೆಸರು ಮುಂದೆ ಹೋಗುತ್ತೆ, ನಾವು ಹಿಂದೆ" ಅಂತ ಪತ್ರ ಬರೆದೆ. ಒಂಬತ್ತನೇ ದಿನ ಸೀಟು ಉಳೀತು.

೪. ಮೊದಲನೇ ದಿನ

ರ್ಯಾಂಚೊ ಪೆನಾಸ್ಕಿಟೋಸ್‌ನ ನಮ್ಮ ಮನೆಯಿಂದ ನಸುಕಿನಲ್ಲೇ, ಸಮುದ್ರದ ಮಂಜಿನಲ್ಲಿ ಡ್ರೈವ್ ಮಾಡಿಕೊಂಡು ಹೋದೆ. ಕ್ಲಾಸ್ ತುಂಬಿತ್ತು, ನನ್ನ ಪಕ್ಕದ ಕುರ್ಚಿ ಮಾತ್ರ ಖಾಲಿ.

"ವಸುಧಾ?"

"ಪ್ರೆಸೆಂಟ್." ಅಬ್ಬಾ, ಉಸಿರು ಬಿಟ್ಟೆ.

"ರಂಗನಾಥ್?"

ಹಳೇ ದಾಖಲೆ ಎಲ್ಲೋ ಅಳಿಸದೆ ಉಳಿದಿತ್ತು. ಬಾಗಿಲು ತಾನಾಗೇ ತೆರೆದು ನಿಧಾನಕ್ಕೆ ಮುಚ್ಚಿತು. ಪಕ್ಕದ ಕುರ್ಚಿ ಕಿರ್ ಅಂತು. ಮೈಯೆಲ್ಲ ಜುಮ್ ಅಂತು. ಆಮೇಲೆ ಕಣ್ಣೂ ತುಂಬಿತು, ನಗುವೂ ಬಂತು. ಆ ಕುರ್ಚಿ ಕಡೆ ಬಾಗಿ ಮೆಲ್ಲಗೆ ಹೇಳಿದೆ:

"ಕೂತ್ಕೋ ಅಪ್ಪಾ. ಇನ್ನೂ ಎರಡು ವರ್ಷ ಇದೆ. ಈ ಸಲ ಮಧ್ಯದಲ್ಲಿ ಬಿಡಿಸೋ ಹಾಗಿಲ್ಲ."