ಹನ್ನೆರಡು ದಿನದ ಕೊಲೆಗಾರನ ಹೆಂಡತಿಯ ಅಹವಾಲು

‘ಹದಿಮೂರನೇ ಸಾಕ್ಷಿ’ ಪತ್ತೇದಾರಿ ಧಾರಾವಾಹಿಯ ಕಥಾ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಮನೆಯವರೂ, ತಮ್ಮ ಕಚೇರಿಯಲ್ಲಿ ಕುಳಿತು ವಾರಕ್ಕೆ ಐದು ದಿನ ಶ್ರದ್ಧೆಯಿಂದ ಜನರನ್ನು ಕೊಲ್ಲಿಸುತ್ತಿರುವ ಬರಹಗಾರರೂ, ಕೊಂದವರನ್ನು ಹುಡುಕುತ್ತಿರುವ ಪತ್ತೇದಾರಿ ವಸುಂಧರಾ ಮೇಡಂ ಪಾತ್ರದ ಕಲಾವಿದೆಯೂ ಕ್ಷೇಮವಾಗಿದ್ದೀರೆಂದು ನಂಬಿ, ದೇವನಹಳ್ಳಿ ತಾಲ್ಲೂಕು ಹೊನ್ನೇಕುಂಟೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ಪ್ರಮೋದಾ ಆದ ನಾನು ಮಾಡುವ ನಮಸ್ಕಾರಗಳು. ನಾನು ತಮ್ಮ ಧಾರಾವಾಹಿಯ ಒಂದು ಸಂಚಿಕೆಯನ್ನೂ ತಪ್ಪಿಸಿದವಳಲ್ಲ. ರೇಷ್ಮೆ ವ್ಯಾಪಾರಿ ರುದ್ರಪ್ರತಾಪನನ್ನು ತಾವು ಕೊಲ್ಲಿಸಿದ ದಿನದಿಂದ ಕೊಲೆಗಾರ ಯಾರೆಂದು ಚರ್ಚಿಸಲು ವಾಟ್ಸಾಪಿನಲ್ಲಿ ತಾಲ್ಲೂಕು ಮಟ್ಟದ ಅಭಿಮಾನಿ ಬಳಗವೊಂದನ್ನು ಕಟ್ಟಿ, ನೂರ ನಲವತ್ತಾರು ಮಂದಿಯ ಆ ಬಳಗಕ್ಕೆ ಅಡ್ಮಿನ್ ಆಗಿ ಎಂಟು ತಿಂಗಳು ದುಡಿದಿದ್ದೇನೆ. ಆದ್ದರಿಂದ ಈ ಪತ್ರವನ್ನು ತಾವು ದ್ವೇಷದಿಂದ ಬಂದದ್ದೆಂದು ಭಾವಿಸಬಾರದಾಗಿ ಕೋರುತ್ತೇನೆ. ಇದು ನನ್ನ ಯಜಮಾನರ ವಿಷಯ.

ನನ್ನ ಯಜಮಾನರಾದ ಮುನೀಂದ್ರ ಅವರು ನಮ್ಮೂರಿನ ಡೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಹಾಲು ಪರೀಕ್ಷಕರು. ಬೆಳಿಗ್ಗೆ ಸಂಜೆ ಇಡೀ ಊರು ಕ್ಯಾನು ಹಿಡಿದು ಅವರ ಮುಂದೆ ಸಾಲು ನಿಲ್ಲುತ್ತದೆ, ಆದರೆ ಊರಿನ ಕಣ್ಣು ಮಾತ್ರ ಮಿಷಿನ್ನಿನ ಮೇಲಿರುತ್ತದೆಯೇ ಹೊರತು ಅವರ ಮೇಲಲ್ಲ. ಹಾಲು ಚೆನ್ನಾಗಿದ್ದರೆ ಹೊಗಳಿಕೆ ಹಸುವಿಗೆ, ನೀರಿದ್ದರೆ ಬೈಗುಳ ಇವರಿಗೆ. ಕೆಂಪರಾಜ್ ಎಂಬ ನಮ್ಮ ಬೀದಿಯ ಗೃಹಸ್ಥರು ಹಾಲಿಗೆ ಧಾರಾಳವಾಗಿ ನೀರು ಬೆರೆಸಿ ತಂದು, “ನಿನ್ ಮಿಷಿನ್ ಕೆಟ್ಟೋಗಿದೆ ಕಣಲಾ, ನನ್ ಹಸ ಏನ್ಮಾಡ್ತದೆ?” ಎಂದು ದಿನವೂ ಕೂಗಾಡುವುದು, ಇವರು ತಲೆ ತಗ್ಗಿಸಿ “ಆಯ್ತು ಬಿಡಣ್ಣ” ಎಂದು ಬರೆದುಕೊಳ್ಳುವುದು ಊರಿಗೆಲ್ಲ ಗೊತ್ತಿದ್ದ ಪದ್ಧತಿ.

ತಮ್ಮ ಚಿತ್ರೀಕರಣದ ತಂಡ ನಮ್ಮ ತಾಲ್ಲೂಕಿನ ವಿಜಯಪುರದ ರಸ್ತೆಯಲ್ಲಿ, ಬಾಗಿಲು ಮುಚ್ಚಿದ ಹಳೆಯ ರೇಷ್ಮೆ ನೂಲು ತೆಗೆಯುವ ಶೆಡ್ಡಿನ ಬಳಿ ಬೀಡುಬಿಟ್ಟಿದ್ದ ದಿನ, ಬರಬೇಕಾಗಿದ್ದ ಕಲಾವಿದರು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರಂತೆ. ಬೆಳಗಿನ ಹಾಲು ಮುಗಿಸಿ ಹಿಂಡಿ ತರಲು ಹೊರಟಿದ್ದ ನನ್ನ ಯಜಮಾನರನ್ನು ತಮ್ಮವರು ತಡೆದು, ಕೈಗೊಂದು ಕಪ್ಪು ಕೊಡೆ ಕೊಟ್ಟು, ಶೆಡ್ಡಿನ ಗೋಡೆಯ ಪಕ್ಕ ನಡೆಸಿ, ಒಮ್ಮೆ ತಿರುಗಿ ನೋಡಿಸಿ, ಟೀ ಕುಡಿಸಿ, ಕಥೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲವೆಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಳಿಸಿಕೊಟ್ಟರು. ತಮ್ಮವರು ಅವರಿಗೆ ಕಥೆಯನ್ನೇ ಹೇಳಿರಲಿಲ್ಲ. ಯಾವುದನ್ನು ಮುಚ್ಚಿಡಬೇಕೆಂದು ತಿಳಿಯದ ಕಾರಣ ಅವರು ಎಲ್ಲವನ್ನೂ ಮುಚ್ಚಿಟ್ಟರು. ನನಗೂ ಹೇಳಲಿಲ್ಲ. ಕೊಲೆಗಾರನ ಬಗ್ಗೆ ನಾನು ಊಟದ ಹೊತ್ತಿನಲ್ಲಿ ಬಗೆಬಗೆಯ ಅನುಮಾನಗಳನ್ನು ಬಿಡಿಸಿಡುತ್ತಿದ್ದ ಒಂದು ತಿಂಗಳೂ ಅವರು ಸಾರು ಹಾಕಿಸಿಕೊಳ್ಳುತ್ತಾ ತಟ್ಟೆಯನ್ನೇ ನೋಡುತ್ತಿದ್ದರು.

ಆ ತಿಂಗಳಲ್ಲೇ ನಾನು ಬಳಗದಲ್ಲಿ ಒಂದು ದೀರ್ಘ ಬರಹ ಪ್ರಕಟಿಸಿದ್ದೆ. ರುದ್ರಪ್ರತಾಪನ ಕುತ್ತಿಗೆಯ ಗಾಯವನ್ನು ನೋಡಿದರೆ ಕೊಲೆಗಾರ ಎಡಚನೆಂದೂ, ಅವನು ದಿನವೂ ಎಲ್ಲರ ಕಣ್ಣೆದುರಿಗೇ ಇದ್ದು ಯಾರ ಗಮನಕ್ಕೂ ಬಾರದವನೆಂದೂ, ಬೈದರೆ ಬೈಸಿಕೊಂಡು ಸುಮ್ಮನಿರುವವನೆಂದೂ ಎಂಟು ಕಾರಣ ಕೊಟ್ಟು ವಾದಿಸಿದ್ದೆ. ಬಳಗ ಅದನ್ನು ಮೆಚ್ಚಿತು. ಆ ವಿವರಣೆಯನ್ನು ಬರೆಯುವಾಗ ನನ್ನೆದುರು ಕುಳಿತು ಎಡಗೈಯಲ್ಲಿ ಅವರೆಕಾಳು ಸುಲಿಯುತ್ತಿದ್ದವರು ಯಾರೆಂದು ನನಗೆ ಹೊಳೆಯಲಿಲ್ಲ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಆಮೇಲೆ ತಾವು ಮಹಾಸಂಚಿಕೆಯ ಪ್ರೋಮೊ ಬಿಟ್ಟಿರಿ. ಶೆಡ್ಡಿನ ಗೋಡೆ, ಎಡಗೈಯಲ್ಲಿ ಕಪ್ಪು ಕೊಡೆ, ತಿರುಗಿ ನೋಡುವ ಅರ್ಧ ಮುಖ, ಎಲ್ಲ ಸೇರಿ ಮೂರೇ ಸೆಕೆಂಡು. ಅದರ ಮೇಲೆ ‘ಕೊಲೆಗಾರ ನಿಮ್ಮ ನಡುವೆಯೇ ಇದ್ದಾನೆ’ ಎಂಬ ಗಡಸು ದನಿ. ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುವ, ಪ್ರಯಾಣಿಕರಿಗೆ ಕಾಯುತ್ತಾ ಪ್ರತಿ ಪ್ರೋಮೊವನ್ನೂ ನಿಲ್ಲಿಸಿ ನಿಲ್ಲಿಸಿ ನೋಡುವ ಭಾನುಪ್ರಕಾಶ್ ಹತ್ತೇ ನಿಮಿಷದಲ್ಲಿ ಬಳಗಕ್ಕೆ ದನಿ ಸಂದೇಶ ಕಳಿಸಿದ: “ಅಕ್ಕಾ, ನಿಮ್ ಲೆಕ್ಕ ಕರೆಕ್ಟಾಗೋಯ್ತು ಕಣಕ್ಕ. ಎಡಗೈನೇ! ಸ್ವಲ್ಪ ಜೂಮ್ ಮಾಡಿ ನೋಡಿ... ಇದು ನಿಮ್ಮನೆಯೋರಲ್ವಾ?”

ನಾನು ಜೂಮ್ ಮಾಡಿ ನೋಡಿದೆ. ನಮ್ಮನೆಯವರೇ.

ಮಾನ್ಯರೇ, ಒಬ್ಬ ಅಡ್ಮಿನ್ನಿಗೆ ತನ್ನ ಊಹೆ ನಿಜವಾದ ಸಂತೋಷವೂ, ಒಬ್ಬ ಹೆಂಡತಿಗೆ ತನ್ನ ಗಂಡ ಕೊಲೆಗಾರನಾದ ದುಃಖವೂ ಒಂದೇ ಗಳಿಗೆಯಲ್ಲಿ ಬಂದರೆ ಏನು ಮಾಡಬೇಕೆಂಬುದಕ್ಕೆ ತಮ್ಮ ಧಾರಾವಾಹಿಯಲ್ಲಿ ಎಲ್ಲೂ ಮಾರ್ಗದರ್ಶನವಿಲ್ಲ. ನಾನು ಮೊದಲು ಅವರ ಪರವಾಗಿ ವಾದಿಸಿದೆ. ಗೋಡೆಯ ಪಕ್ಕ ನಡೆದವರೆಲ್ಲ ಕೊಲೆಗಾರರಲ್ಲವೆಂದೆ, ಕೊಡೆ ಹಿಡಿಯುವುದು ಅಪರಾಧವಲ್ಲವೆಂದೆ. ಬಳಗದವರು ನಾನು ಕೊಟ್ಟಿದ್ದ ಎಂಟು ಕಾರಣಗಳನ್ನೇ ಒಂದೊಂದಾಗಿ ನನಗೆ ವಾಪಸು ಕಳಿಸಿದರು.

ಮನೆಯಲ್ಲಿ ನಮ್ಮ ಅತ್ತೆ ಮುನಿಗಂಗಮ್ಮನವರು ಮಗನನ್ನು ಎದುರಿಗೆ ಕೂರಿಸಿಕೊಂಡು, “ಕೊಂದಿದ್ರೆ ಕೊಂದೆ ಅಂತ ಹೇಳ್ಬಿಡೋ ಮಗ, ಹೆತ್ತೋಳ ಹತ್ರ ಏನು ಮುಚ್ಚುಮರೆ?” ಎಂದು ಕೇಳಿದರು. ಯಜಮಾನರು ಬಹಳ ಹೊತ್ತು ಯೋಚಿಸಿ, “ನಂಗೂ ಗೊತ್ತಿಲ್ಲ ಕಣಮ್ಮ. ನಡಿ ಅಂದ್ರು ನಡೆದೆ, ತಿರುಗಿ ನೋಡು ಅಂದ್ರು ನೋಡ್ದೆ. ಅದಕ್ಕೆ ಮುಂಚೆ ಏನ್ ಮಾಡಿದ್ನೋ ಹೇಳ್ಲಿಲ್ಲ” ಎಂದರು. ತಮ್ಮ ಧಾರಾವಾಹಿಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಹೇಳಿಕೆಯನ್ನು ಯಾವ ಆರೋಪಿಯೂ ಕೊಟ್ಟದ್ದನ್ನು ನಾನು ನೋಡಿಲ್ಲ.

ಇನ್ನು ಪ್ರೋಮೊದಿಂದ ಮಹಾಸಂಚಿಕೆಯವರೆಗಿನ ಹನ್ನೆರಡು ದಿನಗಳಿಗಾಗಿ ನಾನು ತಮಗೆ ಕೃತಜ್ಞತೆ ಸಲ್ಲಿಸಲೇಬೇಕು. ಮೊದಲ ಬೆಳಿಗ್ಗೆಯೇ ಡೇರಿಯ ಮುಂದಿನ ಸಾಲು ಯಾರೂ ಹೇಳದೆ ನೆಟ್ಟಗಾಯಿತು. ವಿಜಯಪುರದ ಬಸ್ಸಿನಲ್ಲಿ ಅಪರಿಚಿತರೊಬ್ಬರು ಇವರ ಮುಖವನ್ನು ಎರಡು ಸಲ ನೋಡಿ ಎದ್ದು ಸೀಟು ಕೊಟ್ಟರು. ಕ್ಷೌರದಂಗಡಿಯಲ್ಲಿ ಇವರು ಬಾಯಿ ತೆರೆದರೆ ಉಳಿದವರು ಮಾತು ನಿಲ್ಲಿಸುತ್ತಿದ್ದರು. ಹತ್ತೊಂಬತ್ತು ವರ್ಷ ಮಿಷಿನ್ನನ್ನು ದೂರಿದ್ದ ಕೆಂಪರಾಜ್ ಅವರು ಎರಡನೇ ದಿನ ಸಂಜೆ ಕ್ಯಾನಿನ ಮುಚ್ಚಳ ತಾವೇ ತೆಗೆದು, “ನೋಡ್ಕೊಳಿ ಮುನೀಂದ್ರಣ್ಣ, ಇವತ್ತು ಏನೂ ಬೆರೆಸಿಲ್ಲ” ಎಂದು ವಿನಯದಿಂದ ನಿಂತರು. ಸಹಕಾರ ಸಂಘದವರು ಗೋಡೆಗೆ ಅಂಟಿಸಿದ ಎಚ್ಚರಿಕೆಗಳಿಂದ ಆಗದಿದ್ದ ಕೆಲಸ ತಮ್ಮ ಮೂರು ಸೆಕೆಂಡಿನಿಂದ ಆಗಿ, ಇಡೀ ಹೊನ್ನೇಕುಂಟೆಯ ಹಾಲು ಗಟ್ಟಿಯಾಯಿತು. ಇದನ್ನು ತಮ್ಮ ವಾಹಿನಿಯ ಸಮಾಜಸೇವೆಯ ಪಟ್ಟಿಯಲ್ಲಿ ಸೇರಿಸಿಕೊಳ್ಳಲು ನನ್ನ ಅಭ್ಯಂತರವಿಲ್ಲ.

ಇದೆಲ್ಲಕ್ಕಿಂತ ಹೆಚ್ಚಿನದೊಂದು ಮನೆಯೊಳಗೆ ನಡೆಯಿತು. ಒಂದು ಸಂಜೆ ನಾನು ಗ್ರಂಥಾಲಯ ಮುಚ್ಚಿ ಬಂದಾಗ ಅವರು ಅಂಗಳದಲ್ಲಿ ಬಾಗಿಲಿನಿಂದ ತುಳಸಿಕಟ್ಟೆಯವರೆಗೆ ನಡೆದು, ನಿಂತು, ತಿರುಗಿ ನೋಡುತ್ತಿದ್ದರು. ಮತ್ತೆ ನಡೆದು ಮತ್ತೆ ತಿರುಗಿದರು. ನನ್ನನ್ನು ಕಂಡು ನಾಚಿಕೊಂಡು ಹಸುವಿನ ಹಗ್ಗ ಸರಿಮಾಡುವವರಂತೆ ಬಗ್ಗಿದರು. ಮದುವೆಯಾಗಿ ಹದಿನೇಳು ವರ್ಷಗಳಲ್ಲಿ ಅವರು ಯಾವುದಕ್ಕಾದರೂ ಅಭ್ಯಾಸ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ದಿನದಿಂದ ನಾನು ಬಳಗದಲ್ಲಿ ಅವರ ಪರ ವಾದಿಸುವುದನ್ನು ನಿಲ್ಲಿಸಿ, ಕೊಲೆ ಅವರದೇ ಎಂಬುದಕ್ಕೆ ಒಂಬತ್ತನೇ ಕಾರಣವನ್ನೂ ಒದಗಿಸಿದೆ.

ಭಾನುವಾರ ಸಂಜೆ ಆರಕ್ಕೆ ತಮ್ಮ ಎರಡು ಗಂಟೆಯ ಮಹಾಸಂಚಿಕೆ. ನಮ್ಮ ಜಗುಲಿಗೆ ಟಿವಿ ತಂದಿಟ್ಟು, ಚಾಪೆ ಹಾಸಿ, ನಲವತ್ತು ಜನಕ್ಕೆ ಮಂಡಕ್ಕಿ ಕಲಸಿದ್ದೆ. ನಮ್ಮ ಅತ್ತೆ ತಮ್ಮ ಮಗಳ ಮದುವೆಗೆ ಉಟ್ಟಿದ್ದ ಸೀರೆ ಉಟ್ಟರು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲರಿಗಿಂತ ಹಿಂದೆ, ಕಂಬಕ್ಕೊರಗಿ ನಿಂತರು. ಏಳೂಕಾಲಿಗೆ ಆ ಶೆಡ್ಡಿನ ಗೋಡೆ ಬಂತು. ಜಗುಲಿಯಲ್ಲಿದ್ದವರೆಲ್ಲ ಮುಂದಕ್ಕೆ ಬಾಗಿದರು. ಗೋಡೆಯ ಪಕ್ಕ ಒಂದು ನಾಯಿ ನಡೆದುಹೋಯಿತು. ಆಮೇಲೆ ಜಾಹೀರಾತು ಬಂತು. ಎಂಟು ಗಂಟೆಗೆ ವಸುಂಧರಾ ಮೇಡಂ ತಮ್ಮ ಜೀಪಿನ ಡ್ರೈವರನನ್ನೇ ಕೊಲೆಗಾರನೆಂದು ಹಿಡಿದು ಕೈಕೋಳ ಹಾಕಿದರು.

“ಎಡಿಟಿಂಗಲ್ಲಿ ಹೋಗಿರತ್ತೆ ಅಣ್ಣ, ತಲೆ ಕೆಡಿಸ್ಕೋಬೇಡಿ” ಎಂದ ಭಾನುಪ್ರಕಾಶ್. “ಹೂಂ ಕಣಪ್ಪ” ಎಂದು ಇವರು ಟೀ ಲೋಟಗಳನ್ನು ಒಟ್ಟುಮಾಡತೊಡಗಿದರು. “ನನ್ ಮಗ ಕೊಂದಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು” ಎಂದರು ನಮ್ಮ ಅತ್ತೆ, ಆದರೆ ಆ ದನಿಯಲ್ಲಿ ತಾಯಿಗೆ ಇರಬೇಕಾದ ಸಂತೋಷ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಅವರು ಚಾಪೆ ಸುತ್ತುತ್ತಾ, ನನ್ನ ಕಡೆ ನೋಡದೆ, “ನಾನು ನಡೆದಿದ್ದು ಸರಿ ಇರ್ಲಿಲ್ವಾ?” ಎಂದು ಕೇಳಿದರು. ಎಂಟು ತಿಂಗಳಲ್ಲಿ ನೂರೆಂಟು ಸುಳಿವುಗಳಿಗೆ ಅರ್ಥ ಹಚ್ಚಿದ ನಾನು ಚಾಪೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡೆ, ಅಷ್ಟೆ. ಈ ಪ್ರಶ್ನೆಯನ್ನು ಈಗ ತಮಗೆ ವರ್ಗಾಯಿಸುತ್ತಿದ್ದೇನೆ. ಪ್ರೋಮೊದಲ್ಲಿ ಇಡೀ ರಾಜ್ಯವನ್ನು ಹೆದರಿಸುವಷ್ಟು ಸರಿಯಾಗಿದ್ದ ನಡಿಗೆ ಮಹಾಸಂಚಿಕೆಯ ಹೊತ್ತಿಗೆ ನಾಯಿಯ ನಡಿಗೆಗಿಂತ ಕಡೆಯಾದದ್ದು ಹೇಗೆ?

ಮಾರನೆಯ ಬೆಳಿಗ್ಗೆ ಸಾಲು ಮತ್ತೆ ಸೊಟ್ಟಗಾಯಿತು. ಕೆಂಪರಾಜ್ ಅವರ ಹಾಲಿಗೆ ನೀರು ಮರಳಿ ಬಂತು. ಗ್ರಂಥಾಲಯ ಡೇರಿಯ ಎದುರಿಗೇ ಇರುವುದರಿಂದ ನಾನು ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಇವರು ಅಳೆದು, ಡಿಗ್ರಿ ಕಡಿಮೆ, ನೀರಿದೆ ಎಂದರು. ಕೆಂಪರಾಜ್ ಅವರು ಸಾಲಿನ ಕಡೆ ತಿರುಗಿ ನಕ್ಕು, “ನೀನೇನ್ಲಾ ದೊಡ್ಡ ಕೊಲೆಗಾರನಾ? ಬರ್ಕೊಳಲಾ ಸುಮ್ನೆ” ಎಂದರು. ಸಾಲಿನಲ್ಲಿದ್ದವರೂ ನಕ್ಕರು. ನಾನು ‘ಆಯ್ತು ಬಿಡಣ್ಣ’ ಎಂಬ ಮಾತಿಗೆ ಕಾದು ನಿಂತೆ. ಇವರು ಪೆನ್ನು ಕೆಳಗಿಟ್ಟು, ಕ್ಯಾನಿನ ಮುಚ್ಚಳ ಹಾಕಿ, ಅದನ್ನು ಎರಡೂ ಕೈಯಿಂದ ಎತ್ತಿ ಕಟ್ಟೆಯ ಆಚೆಗಿಟ್ಟು, “ವಾಪಸ್ ತಗೊಂಡೋಗಿ. ನೀರಿಲ್ದೆ ಇರೋ ದಿನ ತನ್ನಿ” ಎಂದರು. ಕೆಂಪರಾಜ್ ಅವರು ಯಾರಾದರೂ ತಮ್ಮ ಪರ ಮಾತಾಡುತ್ತಾರೇನೋ ಎಂದು ಸಾಲನ್ನು ನೋಡಿದರು. ಸಾಲು ಒಂದು ಹೆಜ್ಜೆ ಮುಂದೆ ಬಂತು. ಆ ಹಾಲು ಆ ದಿನ ಮನೆಗೇ ಹೋಯಿತು. ನಾನು ಕಿಟಕಿಯಿಂದ ಬಂದು ದಿನಪತ್ರಿಕೆಗಳನ್ನು ಜೋಡಿಸಲು ಕುಳಿತೆ, ಒಂದೇ ಪತ್ರಿಕೆಯನ್ನು ಮೂರು ಸಲ ಮಡಿಸಿದೆ.

ಹೀಗೆ ಯಾವ ಸಹಾಯವೂ ಇಲ್ಲದೆ, ನಿರಪರಾಧಿಯಾಗಿಯೇ ಅವರು ಇಷ್ಟು ಮಾಡಬಲ್ಲರೆಂದ ಮೇಲೆ, ಪೂರ್ಣಾವಧಿಯ ಕೊಲೆಗಾರರಾಗಿದ್ದರೆ ನಮ್ಮ ಗ್ರಾಮಕ್ಕೆ ಎಷ್ಟು ಅನುಕೂಲವಿತ್ತೆಂದು ತಾವೇ ಊಹಿಸಿ. ಆದಕಾರಣ ಆ ಡ್ರೈವರನನ್ನು ಸಂಸಾರಸ್ಥನೆಂಬ ಕರುಣೆಯಿಂದ ಬಿಡುಗಡೆ ಮಾಡಿ, ರುದ್ರಪ್ರತಾಪನ ಕೊಲೆಯನ್ನು ನನ್ನ ಯಜಮಾನರ ಹೆಸರಿಗೆ ಮರಳಿ ವರ್ಗಾಯಿಸಬೇಕಾಗಿ ಪ್ರಾರ್ಥನೆ. ಅದಕ್ಕೆ ಬೇಕಾದ ಒಂಬತ್ತು ಕಾರಣಗಳನ್ನು ನಾನೇ ಬರೆದುಕೊಡುತ್ತೇನೆ, ತಮ್ಮ ಬರಹಗಾರರು ಆಯಾಸಪಡಬೇಕಾಗಿಲ್ಲ. ರುದ್ರಪ್ರತಾಪನ ದಹನ ಈಗಾಗಲೇ ಆಗಿಹೋಗಿದೆಯೆಂಬ ತೊಂದರೆ ಇದ್ದರೆ ಅವನನ್ನು ಬದುಕಿಸಿ ಮತ್ತೊಮ್ಮೆ ಕೊಲ್ಲಿಸಬಹುದು. ಇದೇ ಧಾರಾವಾಹಿಯಲ್ಲಿ ಅವನ ಅತ್ತಿಗೆ ಎರಡು ಸಲ ಸತ್ತದ್ದನ್ನು ನಾವು ಆಕ್ಷೇಪಿಸದೆ ನೋಡಿದ್ದೇವೆ. ಇದ್ಯಾವುದೂ ಆಗದಿದ್ದರೆ, ಅವರ ನಡಿಗೆ ಸರಿಯಾಗಿಯೇ ಇತ್ತೆಂದು ಒಂದು ಸಾಲು ಬರೆದು, ತಮ್ಮ ಮೊಹರು ಒತ್ತಿ ಕಳಿಸಿದರೂ ಸಾಕು. ಅದಕ್ಕೆ ಕಟ್ಟು ಹಾಕಿಸಿ ಎಲ್ಲಿ ತೂಗುಹಾಕಬೇಕೆಂದು ನಾನು ಯೋಚಿಸಿಟ್ಟಿದ್ದೇನೆ.

ಇಷ್ಟೆಲ್ಲ ಆದರೂ ಸೋಮವಾರದ ಸಂಚಿಕೆಗೆ ಸಮಯಕ್ಕೆ ಸರಿಯಾಗಿ ಟಿವಿ ಮುಂದೆ ಕುಳಿತಿದ್ದ,

ತಮ್ಮ ಮೇಲಿನ ವಿಶ್ವಾಸವನ್ನು ಕೈಬಿಡಲಾರದ ವಿಶ್ವಾಸಿ,
ಪ್ರಮೋದಾ ಮುನೀಂದ್ರ
ಹೊನ್ನೇಕುಂಟೆ

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕುವಷ್ಟರಲ್ಲಿ ತಮ್ಮ ತಂಡದವರು ಯಜಮಾನರಿಗೆ ಫೋನ್ ಮಾಡಿ, ಮುಂದಿನ ಗುರುವಾರ ದ್ರಾಕ್ಷಿ ತೋಟವೊಂದರಲ್ಲಿ ಹೆಣವಾಗಿ ಮಲಗಲು ಕೇಳಿಕೊಂಡಿದ್ದಾರೆ. ಅವರು ಒಪ್ಪಿದ್ದಾರೆ. ಈ ಸಲ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲವಾದ್ದರಿಂದ ನನಗೆ ಹೇಳಿಯೂ ಇದ್ದಾರೆ. ನಿನ್ನೆಯಿಂದ ಹಜಾರದ ಮಂಚದ ಮೇಲೆ ಉಸಿರು ಬಿಗಿಹಿಡಿದು ಮಲಗಿ ಅಭ್ಯಾಸ ನಡೆಸಿದ್ದಾರೆ, ನೋಡಿದವರು ಚೆನ್ನಾಗಿದೆ ಎನ್ನುತ್ತಿದ್ದಾರೆ. ಆದರೆ ಅವರನ್ನು ಕೊಂದವರು ಯಾರೆಂಬುದನ್ನು ತಾವು ಪ್ರೋಮೊ ಬಿಡುವ ಮೊದಲೇ ನನಗೆ ಲಿಖಿತವಾಗಿ ತಿಳಿಸತಕ್ಕದ್ದು. ಏಕೆಂದರೆ ಭಾನುಪ್ರಕಾಶ್ ಈಗಾಗಲೇ ಬಳಗದಲ್ಲಿ, “ಅಕ್ಕಾ, ತಪ್ಪು ತಿಳ್ಕೋಬೇಡಿ, ಗುರುವಾರ ನೀವೆಲ್ಲಿರ್ತೀರಾ?” ಎಂದು ಕೇಳಿದ್ದಾನೆ. ನೂರ ನಲವತ್ತೈದು ಮಂದಿ ಉತ್ತರಕ್ಕೆ ಕಾಯುತ್ತಿದ್ದಾರೆ.